ಗೋಡೆ ಯಾವಾಗ, ಉಸ್ತಾದ್?

ಕಳೆದ ಶುಕ್ರವಾರ ಮಗಳ ಮೊಲಕ್ಕೆಂದು ತಂದಿದ್ದ ಒಣಹುಲ್ಲಿನ ಚೀಲ ಬಿಚ್ಚಿದೆ. ಖೈತಾನಿನ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಏಸಿಯ ನೀರು ತೊಟ್ಟಿಕ್ಕುವ ಮೂಲೆಗೇ ಅವಳು ಅದನ್ನು ಇಟ್ಟಿದ್ದಳು, ಪುಣ್ಯಾತ್ಗಿತ್ತಿ. ಅರ್ಧ ಹುಲ್ಲು ನೆನೆದಿತ್ತು. ಅದರ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಉಸ್ತಾದ್ ನೆನಪಾದರು... ಹುಲ್ಲು ನೆನೆಯುವ ಮಾತೆತ್ತಿದರೆ ಸಾಕು, ಅವರಿಗೆ ಪಿತ್ತ ನೆತ್ತಿಗೇರುತ್ತಿತ್ತು.

ನಾನು ಗದಗಿನ ಕಡೆಯ ಬಡಿಗ. ಈ ಕೊಲ್ಲಿ ದೇಶಕ್ಕೆ ಬಂದ ಹೊಸತರಲ್ಲಿ ಶುವೈಖಿನ ಒಂದು ಮರಗೆಲಸದ ವರ್ಕ್‌ಶಾಪ್ ಸೇರಿದೆ. ಅಲ್ಲಿ ನಮ್ಮ ಮೇಲಿನವರು ಸ್ಲೊವೇನಿಯಾದ ಒಬ್ಬ ಹಿರಿಯ ಬಡಿಗ. ಮಲಯಾಳಿ, ಬಂಗಾಳಿ, ಮಿಸ್ರಿ ಎನ್ನದೆ ಎಲ್ಲರ ಬಾಯಲ್ಲೂ ಅವರು ಉಸ್ತಾದ್. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮರಕ್ಕೆ ಮರ ಕೂಡಿಸುವಲ್ಲಿ ಯಾರಾದರೂ ಕಬ್ಬಿಣದ ಮೊಳೆ ಹೊಡೆದರೆ ಮುಗಿಯಿತು, ಅವನ ಆ ದಿನ ಖಲಾಸ್. ನಾನೂ ಬೈಸಿಕೊಂಡಿದ್ದೇನೆ, ಹೊಟ್ಟೆ ತುಂಬ.

ಅವರ ಬೆಂಚಿನ ಮೇಲೊಂದು ಫೋಟೋ ಅಂಟಿಸಿದ್ದರು. ಹಸಿರು ಹೊಲದ ನಡುವೆ ಎತ್ತರದ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಏಣಿಯ ಮೆಟ್ಟಿಲಿನಂತೆ ಸಾಲಾಗಿ ಅಡ್ಡಲಾಗಿ ಹಾಕಿದ ಮರದ ಗಳುಗಳು, ಮೇಲೊಂದು ಕಿರಿದಾದ ಮಾಡು. ಅರ್ಧಕ್ಕೆ ಬಿಟ್ಟ ಮನೆ ಇರಬೇಕೆಂದು ತಿಳಿದು, ಗೋಡೆ ಯಾವಾಗ ಕಟ್ಟುತ್ತೀರಿ ಎಂದು ಕೇಳಿಬಿಟ್ಟೆ. ಉಸ್ತಾದ್ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಗೋಡೆ ಕಟ್ಟಿದರೆ ಗಾಳಿ ಎಲ್ಲಿಂದ ಬರಬೇಕು?"

ನಮ್ಮಿಬ್ಬರ ಮಾತು ಮುರುಕು ಇಂಗ್ಲಿಷಿನಲ್ಲಿ, ನಡುನಡುವೆ ಹಿಂದಿ, ಅರಬ್ಬಿ ಬೆರೆಸಿಕೊಂಡು ನಡೆಯುತ್ತಿತ್ತು. ಚಿತ್ರದಲ್ಲಿರುವುದು ಹುಲ್ಲು ಒಣಗಿಸುವ ಚೌಕಟ್ಟಂತೆ. ಅವರ ಭಾಷೆಯಲ್ಲಿ ಕೊಜೊಲೆಟ್ಸ್. ಅವರ ಸೀಮೆಯಲ್ಲಿ ಮಳೆ ಹೇಳಿಕೇಳಿ ಬರುವುದಿಲ್ಲ. ಕೊಯ್ದ ಹುಲ್ಲು ನೆಲದಲ್ಲಿದ್ದರೆ ಕೊಳೆಯುತ್ತದೆ, ಅದಕ್ಕೇ ಗಳುಗಳ ಮೇಲೆ ನೇತುಹಾಕುತ್ತಾರೆ. ನಾನು ನಮ್ಮೂರಲ್ಲಿ ಹುಲ್ಲಿನ ಬಣವಿ ಹೇಗೆ ಒಟ್ಟುತ್ತಾರೆ ಎಂದು ಹೇಳಿದೆ. ಮಳೆ ಬಂದರೆ ಒಳಗಿನದು ಏನಾಗುತ್ತದೆ ಎಂದು ಗದರಿಸಿಯೇ ಕೇಳಿದರು. ಅಂದಿನಿಂದ ಅವರಿಗೆ ಬಣವಿ ಎಂದರೆ ನಗು, ನನಗೆ ಗೋಡೆ ಎಂದರೆ ನಗು. ಅವರ ಮುಖ ಗಂಟಿಕ್ಕಿದ್ದರೆ ಮೆಲ್ಲಗೆ ಹೋಗಿ, "ಗೋಡೆ ಯಾವಾಗ, ಉಸ್ತಾದ್?" ಎನ್ನುತ್ತಿದ್ದೆ.

ಫೋಟೋದಲ್ಲಿದ್ದದ್ದು ಅವರ ಅಪ್ಪ ಕಟ್ಟಿದ್ದು. ಒಂದು ಬೇಸಿಗೆ, ಊರಲ್ಲಿದ್ದ ಅವರ ತಮ್ಮ ಆ ಹೊಲ ಮಾರಿದ. ಕೊಂಡವರಿಗೆ ಹೊಲ ಖಾಲಿ ಬೇಕಿತ್ತು. ತೊಲೆಗಳು ಇಡಿಯಾಗಿ ಸಿಕ್ಕರೆ ತನ್ನ ಹೊಲದಲ್ಲಿ ಮತ್ತೆ ನಿಲ್ಲಿಸಿಕೊಳ್ಳುತ್ತೇನೆ ಎಂದು ನೆರೆಯವನೊಬ್ಬ ಮಾತು ಕೊಟ್ಟಿದ್ದ. ಗರಗಸದಿಂದ ಕೊಯ್ದರೆ ಮಾತ್ರ ಒಲೆಗೇ ಸೈ. ತಾವೇ ಹೋಗಿ ಬಿಚ್ಚಬೇಕೆಂದು ಉಸ್ತಾದ್ ರಜೆ ಕೇಳಿದರು. ದೊಡ್ಡವರೊಬ್ಬರ ದಿವಾನಿಯಾಕ್ಕೆ, ಅಂದರೆ ಅತಿಥಿಗಳು ಕೂಡುವ ಪಡಸಾಲೆಗೆ, ಮಾಡುತ್ತಿದ್ದ ಬಾಗಿಲು ಮುಗಿಯುವ ತನಕ ರಜೆಯ ಮಾತೇ ಬೇಡ ಎಂದು ಮಿರ್ಕಾಬಿನಲ್ಲಿದ್ದ ನಮ್ಮ ಕಂಪನಿಯ ಆಫೀಸಿನವರು ಹೇಳಿ ಕಳಿಸಿದರು. ಆ ವಾರವಿಡೀ ನಾವು ಅವರ ಹತ್ತಿರ ಸುಳಿಯಲಿಲ್ಲ.

ಹೊಲ ಖಾಲಿ ಮಾಡಿಕೊಡಬೇಕಾದ ಕೊನೆಯ ದಿನ ಊಟದ ಬಿಡುವಿನಲ್ಲಿ ಫೋನನ್ನು ಬೆಂಚಿನ ಮೇಲೆ ನಿಲ್ಲಿಸಿ ತಮ್ಮನಿಗೆ ವಿಡಿಯೋ ಕಾಲ್ ಮಾಡಿದರು. ಮಾಡು ಆಗಲೇ ಇಳಿದಿತ್ತು, ಕಂಬ ತೊಲೆಗಳಷ್ಟೇ ಉಳಿದಿದ್ದವು. ಇಡೀ ಚೌಕಟ್ಟಿನಲ್ಲಿ ಒಂದು ಮೊಳೆ ಇರಲಿಲ್ಲ, ಎಲ್ಲ ಮರದ ಬೆಣೆಗಳೇ. ಮೊದಲನೆಯ ಬೆಣೆಯೇ ಜಪ್ಪಯ್ಯ ಅಂದರೂ ಹೊರಬರಲಿಲ್ಲ. ತಮ್ಮನಿಗೆ ತಾಳ್ಮೆ ತಪ್ಪಿತು. ಅವರ ಭಾಷೆ ನನಗೆ ತಿಳಿಯದಿದ್ದರೂ ಗರಗಸದ ಮಷಿನ್ ಚಾಲೂ ಆದ ಸದ್ದು ತಿಳಿಯಿತು.

ಉಸ್ತಾದ್ ಕೂಗಿದರು. ಆಮೇಲೆ ನನ್ನತ್ತ ತಿರುಗಿ, "ಹೆಗಲು ಕೊಡು, ಯಲ್ಲಾ, ಬೇಗ!" ಎಂದರು. ಪಕ್ಕದಲ್ಲೇ ನಾವು ಮಾದರಿಗೆಂದು ಅದೇ ಬಗೆಯ ಬೆಣೆ ಹೊಡೆದು ಜೋಡಿಸಿದ್ದ ಒಂದು ಕಂಬ, ಅದಕ್ಕೊಂದು ತೊಲೆ ನಿಂತಿತ್ತು. ನಾನು ತೊಲೆಯ ಕೆಳಗೆ ಹೆಗಲಿಟ್ಟು ಎತ್ತಿ ಹಿಡಿದೆ. ಭಾರ ನನ್ನ ಮೇಲೆ ಬಿದ್ದ ಕೂಡಲೆ ಅವರು ಬೆಣೆಯ ಸಣ್ಣ ತುದಿಗೆ ಕೊಡತಿಯಿಂದ ಮೆಲ್ಲಗೆ ತಟ್ಟಿದರು. ಬೆಣೆ ಸರಕ್ಕನೆ ಜಾರಿತು. ಮತ್ತೆ ಹಾಕಿದರು, ಮತ್ತೆ ಎತ್ತಿಸಿದರು, ಫೋನಿನತ್ತ ನೋಡುತ್ತಾ ಮತ್ತೆ ತಟ್ಟಿದರು. ಮೊದಲು ಭಾರ ಎತ್ತು, ಆಮೇಲೆ ಹೊಡೆ... ಅಷ್ಟೇ ವಿಷಯ. ಅತ್ತ ತಮ್ಮ ಮಷಿನ್ ಹಿಡಿದೇ ನಿಂತಿದ್ದ. ನನ್ನ ಹೆಗಲು ಜೋಮು ಹಿಡಿಯಿತು. ಇಳಿಸಲೇ ಎಂದು ಕೇಳುವ ಧೈರ್ಯ ಯಾರಿಗಿತ್ತು?

ಗರಗಸದ ಸದ್ದು ನಿಂತಿತು. ತಮ್ಮ ಆಫ್ ಮಾಡಿದನೋ, ನೆಟ್ ಹೋಯಿತೋ... ಪರದೆ ಹಾಗೇ ನಿಶ್ಚಲವಾಯಿತು. ತಿರುಗಿ ಮಾಡಿದರೆ ಫೋನ್ ಹತ್ತಲಿಲ್ಲ.

ಮಧ್ಯಾಹ್ನವೆಲ್ಲ ಕಾದೆವು. ಉಸ್ತಾದ್ ತೇಗದ ಒಂದು ಹಲಗೆಯನ್ನು ಅಳತೆ ತಪ್ಪಿ ಕೊಯ್ದರು. ಅಂಥದ್ದನ್ನು ನಾವು ಕಂಡವರೇ ಅಲ್ಲ. ವರ್ಕ್‌ಶಾಪ್ ಮುಚ್ಚುವ ಹೊತ್ತಿಗೆ ಫೋನ್ ಗುಂಯ್ ಎಂದಿತು. ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿದ ತೊಲೆಗಳ ಫೋಟೋ. ಒಂದಕ್ಕೂ ಗರಗಸ ತಾಗಿರಲಿಲ್ಲ. ಪಕ್ಕದಲ್ಲೊಂದು ಬಕೆಟ್ಟಿನ ತುಂಬ ಬೆಣೆಗಳು. ಉಸ್ತಾದ್ ಬಹಳ ಹೊತ್ತು ನೋಡಿದರು. ಆಮೇಲೆ ಹೆಗಲು ನೋಯುತ್ತಿದೆಯಾ ಎಂದು ನನ್ನನ್ನು ಕೇಳಿದರು.

ಆ ವರ್ಷದ ಕೊನೆಗೆ ಅವರು ಕೆಲಸ ಬಿಟ್ಟು ಊರಿಗೆ ಹೋದರು. ನೆರೆಯವನ ಹೊಲದಲ್ಲಿ ಅದನ್ನು ಮತ್ತೆ ನಿಲ್ಲಿಸಿ ಫೋಟೋ ಕಳಿಸಿದರು. ನಾನು ಬಿಡುತ್ತೇನೆಯೇ? "ಗೋಡೆ ಯಾವಾಗ, ಉಸ್ತಾದ್?" ಎಂದು ಬರೆದೆ. "ಬೇಸಿಗೆಗೆ ಹುಲ್ಲು ಕೊಯ್ದು ನನ್ನ ಕೈಯಾರೆ ಹಾಕುತ್ತೇನೆ. ಆಗ ನೋಡು ನನ್ನ ಗೋಡೆ," ಎಂದು ಉತ್ತರ ಬಂತು.

ಬೇಸಿಗೆಗೆ ಅವರು ಉಳಿಯಲಿಲ್ಲ. ಚಳಿಗಾಲದಲ್ಲೇ ಹೃದಯ ನಿಂತಿತೆಂದು ಅವರದೇ ನಂಬರಿನಿಂದ ತಮ್ಮ ತಿಳಿಸಿದ. ಕೆಲವು ತಿಂಗಳ ಮೇಲೆ ಅದೇ ನಂಬರಿನಿಂದ ಒಂದು ಫೋಟೋ ಬಂತು. ಕೆಳಗಿನ ಗಳುವಿನಿಂದ ಮಾಡಿನವರೆಗೆ ದಟ್ಟವಾಗಿ ಹುಲ್ಲು ನೇತುಹಾಕಿತ್ತು. ಗರಗಸ ಹಿಡಿದಿದ್ದ ಆ ತಮ್ಮನೇ ಹಾಕಿದ್ದ. ಕೆಳಗೆ ಇಂಗ್ಲಿಷಿನಲ್ಲಿ ಇಷ್ಟೇ ಬರೆದಿದ್ದ: "ಅಣ್ಣ ನಿಮಗೆ ತೋರಿಸಬೇಕು ಅಂದಿದ್ದ. ಗೋಡೆ ಆಯಿತು." ವರ್ಕ್‌ಶಾಪಿನಲ್ಲಿ ಎಲ್ಲರೆದುರೇ ಅತ್ತುಬಿಟ್ಟೆ.

ಶುಕ್ರವಾರ ಆ ನೆನೆದ ಹುಲ್ಲನ್ನು ಬಿಸಾಡಲು ಮನಸ್ಸು ಬರಲಿಲ್ಲ. ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಸರಳುಗಳ ಮೇಲೆ ಹಿಡಿಹಿಡಿಯಾಗಿ ನೇತುಹಾಕಿದೆ.

"ಏನ್ರಿ ಇದು, ಅರಿವಿ ಹಾಕೋ ಸ್ಟ್ಯಾಂಡಿಗೆ ಹುಲ್ಲ ಹಾಕೀರಿ?" ಎಂದಳು ಹೆಂಡತಿ.

"ಇರ್ಲಿ ಬಿಡ, ಗಾಳಿ ಆಡ್ಲಿ," ಎಂದೆ.

ಮಗಳು, "ಅಪ್ಪಾ, ಇಟ್ಸ್ ಜಸ್ಟ್ ಗ್ರಾಸ್," ಎಂದು ನಕ್ಕಳು. ನಾನು ಅದರದೊಂದು ಫೋಟೋ ತೆಗೆದು ಆ ಹಳೆಯ ನಂಬರು ತೆರೆದೆ. ಕಳಿಸಿದರೆ ತಮ್ಮ ನೋಡಿ ಚೆನ್ನಾಗಿದೆ ಎನ್ನುತ್ತಾನೆ, ಪಾಪ. ಹುಲ್ಲು ಹೇಗೆ ನೆನೆಯಿತು ಎಂದು ಬೈಯಬೇಕಾದವರು ಇಲ್ಲ. ಫೋನನ್ನು ಜೇಬಿಗಿಟ್ಟುಕೊಂಡೆ.