ಅಂಗಾತ ಬಿದ್ದ ಆಮೆ

ನಾನು ಹುಟ್ಟು ಪುಕ್ಕಲಿ. ಮಗ್ಗದಿಂದ ಲಾಳಿ ಚಿಮ್ಮಿ ಕಣ್ಣಿಗೆ ಬಡಿದುಬಿಟ್ಟರೆ ಎಂದು ಹೆದರಿ, ಚಿಕ್ಕಂದಿನಲ್ಲಿ ನಮ್ಮದೇ ಮನೆಯ ಮಗ್ಗದ ಕೋಣೆಯಲ್ಲಿ ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದವಳು. ಇಂಥವಳು ಪ್ರಾಣಿಶಾಸ್ತ್ರ ಓದಿ, ಕಡಲಾಮೆಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಕರಾವಳಿಗೆ ಹೊರಟಾಗ ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬೀದಿಯೇ ನಕ್ಕಿತು. "ಕೆರೆ ತುಂಬಿದ್ರೆ ಏರಿ ಮೇಲೆ ನಡೆಯಲ್ಲ ಇವ್ಳು, ಸಮುದ್ರಕ್ಕೆ ಹೋಗ್ತಾಳಂತೆ ಸಮುದ್ರಕ್ಕೆ" ಎಂದು ಪಕ್ಕದ ಮನೆಯಾಕೆ ನನಗೆ ಕೇಳಿಸುವಂತೆಯೇ ಹೇಳಿದ್ದರು. ಅವರ ಮಾತು ಸುಳ್ಳೇನಲ್ಲ. ನಾನು ಆಮೆಗಳನ್ನು ನೋಡಿಕೊಂಡದ್ದೆಲ್ಲ ದಡದ ಮೇಲೆಯೇ. ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ.

ನನ್ನ ಕೆಲಸ ಇಷ್ಟು. ಮೀನಿನ ಬಲೆಗೆ ಸಿಕ್ಕ ಕಡಲಾಮೆ ಉಸಿರಿಗೆ ಮೇಲೆ ಬರಲಾಗದೆ, ನೀರು ಕುಡಿದು, ಸತ್ತಂತೆ ಬಿದ್ದುಕೊಂಡಿರುತ್ತದೆ. ಮುಟ್ಟಿದರೆ ಅಲುಗುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಆದರೆ ಎಷ್ಟೋ ಸಲ ಅದು ಸತ್ತಿರುವುದಿಲ್ಲ. ನೆರಳಿನಲ್ಲಿ ಒದ್ದೆ ಬಟ್ಟೆಯ ಮೇಲೆ ಬೋರಲಾಗಿ, ಎಂದರೆ ಹೊಟ್ಟೆ ಕೆಳಗಾಗಿ ಮಲಗಿಸಿ, ಹಿಂಭಾಗವನ್ನು ಸ್ವಲ್ಪ ಎತ್ತರಿಸಿಟ್ಟರೆ ನೀರು ಮೆಲ್ಲಗೆ ಹೊರಗೆ ಬರುತ್ತದೆ. ಆಮೇಲೆ ಕಾಯಬೇಕು. ಮಾರನೆಯ ದಿನದವರೆಗೂ ಕಾಯಬೇಕಾಗಬಹುದು. ಅಂಗಾತ ಮಾತ್ರ ಹಾಕಬಾರದು. ಅದರ ಶ್ವಾಸಕೋಶ ಇರುವುದು ಬೆನ್ನಿನ ಚಿಪ್ಪಿಗೆ ಅಂಟಿಕೊಂಡಂತೆ. ಬೆನ್ನು ಕೆಳಗಾದರೆ ಒಳಗಿನ ಭಾರವೆಲ್ಲ ಅದರ ಮೇಲೆ ಬಿದ್ದು, ಉಳಿದಿದ್ದ ಚೂರುಪಾರು ಉಸಿರೂ ನಿಲ್ಲುತ್ತದೆ.

ಅಲ್ಲಿನವರಿಗೆ ಆಮೆಯನ್ನು ಅಂಗಾತ ಹಾಕುವುದೇ ರೂಢಿ, ತೆವಳಿ ಹೋಗದಿರಲಿ ಎಂದು. ಆ ರೂಢಿ ಬಿಡಿಸಲು ನನಗೆ ಎರಡು ಹಂಗಾಮು ಹಿಡಿಯಿತು. ಮೊದಲು ನನ್ನ ಮಾತು ಕೇಳಿದ್ದು ಮೀನು ಮಾರುವ ಒಬ್ಬ ಅಜ್ಜಿ. ತಮ್ಮ ಮೀನು ಒಣಗಿಸುವ ಚಪ್ಪರದ ಒಂದು ಮೂಲೆಯನ್ನು ಆಮೆಗಳಿಗೆ ಬಿಟ್ಟುಕೊಟ್ಟವರು ಅವರೇ. ಸತ್ತಿದೆ, ಎಸೆಯಿರಿ ಎಂದು ಎಲ್ಲರೂ ಹೇಳಿದ್ದ ಆಮೆಯೊಂದು ಮಾರನೆಯ ದಿನ ಮುಂಗಾಲನ್ನು ಗೋಣಿಯ ಮೇಲೆ ಒಂದೇ ಸಲ ಎಳೆದಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ನನಗೆ ಆದದ್ದು ಸಂತೋಷವಲ್ಲ, ಭಯ. ಇಲ್ಲಿಯವರೆಗೆ ಎಸೆದವುಗಳಲ್ಲಿ ಎಷ್ಟಕ್ಕೆ ಜೀವವಿತ್ತೋ.

ಈ ಸಂಶೋಧನೆಯ ಇಂಗ್ಲಿಷ್ ಲೇಖನವನ್ನು ಒಂದು ಪತ್ರಿಕೆಗೆ ಕಳಿಸಿದ್ದೆ. ಅದು ಹೋಗಿ, ಪ್ರಶ್ನೆ ಹೊತ್ತು ಬಂದು, ಮತ್ತೆ ಹೋಗಿ, ಆರಾಮವಾಗಿ ಓಡಾಡಿಕೊಂಡಿತ್ತು. ಅದರ ಬಗ್ಗೆ ನನಗೆ ಅಳುಕಿರಲಿಲ್ಲ. ಅದನ್ನು ಓದುವವರು ಆಮೆಯನ್ನು ಮುಟ್ಟುವವರಲ್ಲ. ಹೆದರಿಕೆ ಹುಟ್ಟಿಸಿದ್ದು ಕನ್ನಡದ ಪುಟ್ಟ ಪುಸ್ತಕ. ಬಲೆಗಾರರ ಮನೆಮನೆಗೂ ಮುಟ್ಟಬೇಕೆಂದು ನಾನೇ ಹಟ ಹಿಡಿದು ಬರೆದದ್ದು. ಅವರಲ್ಲಿ ಬಹಳ ಜನ ಓದು ಬಾರದವರು ಎಂದು ಮಾತು ಕಡಿಮೆ ಮಾಡಿ, ಚಿತ್ರ ಹೆಚ್ಚು ಮಾಡಿದ್ದೆ. ಮುಖ್ಯವಾದ ಪುಟದಲ್ಲಿ ಎರಡೇ ಚಿತ್ರ. ಬೋರಲು ಮಲಗಿದ ಆಮೆಯ ಕೆಳಗೆ "ಹೀಗೆ ಮಲಗಿಸಿ", ಅಂಗಾತ ಬಿದ್ದ ಆಮೆಯ ಕೆಳಗೆ "ಹೀಗೆ ಮಲಗಿಸಬೇಡಿ". ಅದರ ಮೇಲೆ ಇನ್ನೊಂದು ಮಾತಿಲ್ಲ.

ಬರೆಯಲು ನಾನು ಊರಿಗೆ ಬಂದಿದ್ದೆ. ಹಿತ್ತಲಿನ ಕೋಣೆಯಲ್ಲಿ ಕುಳಿತರೆ ಗೋಡೆಯಾಚೆ ಪವರ್‌ಲೂಮುಗಳ ಸದ್ದು, ಕರೆಂಟು ಹೋದರೆ ಊರಿಗೆ ಊರೇ ಗಪ್‌ಚುಪ್. ಆ ಮೌನದಲ್ಲಿ ನಾನು ಬರೆದದ್ದೆಲ್ಲ ತಪ್ಪೆನಿಸುತ್ತಿತ್ತು. ಒಂದು ದಿನ ಅಪ್ಪನ ಹತ್ತಿರ ಹೇಳಿಕೊಂಡೆ. ಅವರು ನಮ್ಮ ಪಕ್ಕದ ವಿಜಯಪುರದಿಂದ ಬಂದ ಹುರಿ ಮಾಡಿದ ರೇಷ್ಮೆಯ ಕಟ್ಟು ಬಿಚ್ಚುತ್ತಾ, "ಮಗ್ಗದ ಡಿಸೈನ್ ಕಾರ್ಡಲ್ಲಿ ಒಂದ್ ತೂತು ಎಡವಟ್ಟಾದ್ರೆ ಸೀರೆ ಉದ್ದಕ್ಕೂ ಅದೇ ಎಡವಟ್ಟು ಕಣಮ್ಮ. ಇನ್ನೊಂದ್ಸಲ ನೋಡ್ಕೊ, ಸುಮ್ನೆ ಹೆದ್ರುಕೋಬೇಡ" ಎಂದರು. ಇದು ಸಮಾಧಾನವೋ ಬೆದರಿಕೆಯೋ ನನಗೆ ತಿಳಿಯಲಿಲ್ಲ.

ಅಚ್ಚು ಹಾಕಿಸಿದ್ದು ಚಿಕ್ಕಪ್ಪನ ಪ್ರೆಸ್ಸಿನಲ್ಲಿ. ಅವರು ಬಹಳ ಕಾಲ ಅಪ್ಪನ ಜೊತೆಯೇ ಮಗ್ಗ ನಡೆಸಿ, ಎದೆನೋವು ಬಂದ ಮೇಲೆ ಆ ಸದ್ದು ಬೇಡವೆಂದು ಬಿಟ್ಟು, ಅಚ್ಚು ಹಾಕುವ ಒಂದು ಟ್ರೆಡಲ್ ಮೆಷಿನ್ ಇಟ್ಟುಕೊಂಡಿದ್ದರು. ಮದುವೆ ಪತ್ರಿಕೆ, ಸೀರೆ ಪೆಟ್ಟಿಗೆಯ ಚೀಟಿ, ಅಂಗಡಿಯವರ ಬಿಲ್ಲು, ಇಷ್ಟೇ ಅವರ ಕೆಲಸ. ನಾನು ಬೆಂಗಳೂರಿನಲ್ಲಿ ಮಾಡಿಸುತ್ತೇನೆಂದಾಗ ಮುಖ ಊದಿಸಿಕೊಂಡರು. "ನಮ್ಮನೆ ಮಗು ಪುಸ್ತಕ ಬರ್ದು, ಬೇರೆಯೋರು ಅಚ್ಚಾಕೋದಾ? ನಾನೇನ್ ಸತ್ತೋಗಿದೀನಾ?" ಎಂದರು. ಇದಾದ ಮೇಲೆ ಯಾರು ತಾನೇ ಬೇರೆ ಕಡೆ ಹೋಗಲು ಸಾಧ್ಯ.

ಚಿತ್ರಗಳ ಅಚ್ಚಿನ ಬ್ಲಾಕುಗಳನ್ನು ಮಾತ್ರ ಬೆಂಗಳೂರಿನಲ್ಲಿ ಮಾಡಿಸಿ ತಂದೆವು. ಚಿಕ್ಕಪ್ಪ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಪ್ರೂಫ್ ತೆಗೆದುಕೊಟ್ಟರು. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಆ ಎರಡು ಚಿತ್ರಗಳ ಪುಟವನ್ನಂತೂ ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಎಲ್ಲ ಸರಿಯಾಗಿತ್ತು. ಸಹಿ ಹಾಕಿ ಕೊಟ್ಟು, ಲೈಬ್ರರಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದೆ. ನಾನು ಹಿಂದಿರುಗುವಷ್ಟರಲ್ಲಿ ಪುಸ್ತಕ ಅಚ್ಚಾಗಿ, ಹೊಲಿಗೆಯಾಗಿ, ಕಟ್ಟು ಕಟ್ಟಿ ಕರಾವಳಿಯ ಬಸ್ಸಿಗೆ ಹಾಕಿ ಕಳಿಸಿಯೂ ಆಗಿತ್ತು. ಆಮೆಗಳು ದಡಕ್ಕೆ ಬರುವ ಕಾಲ ಶುರುವಾಗಿದೆ, ತಡ ಮಾಡಬೇಡಿ ಎಂದು ನಾನೇ ಅವಸರ ಮಾಡಿದ್ದೆ.

ಚಿಕ್ಕಪ್ಪ ಮನೆಗೊಂದು ಪ್ರತಿ ಕೊಟ್ಟುಹೋಗಿದ್ದರು. ಅಮ್ಮ ಅದನ್ನು ದೇವರ ಮುಂದಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ನಾನು ಬಂದ ಹೊತ್ತಿಗೆ ಅಮ್ಮ ನಡುಮನೆಯಲ್ಲಿ ಮಗ್ಗದಿಂದ ಇಳಿಸಿದ ಸೀರೆಯನ್ನು ಹರಡಿಕೊಂಡು ಕಿತ್ತ ಎಳೆ ಸರಿಮಾಡುತ್ತಿದ್ದರು. ಈ ಕೆಲಸಕ್ಕೆ ನಮ್ಮಲ್ಲಿ ಸೀರೆಯನ್ನು ಯಾವಾಗಲೂ ಮುಖ ಕೆಳಗೆ ಮಾಡಿ ಹರಡುತ್ತಾರೆ. ಜರಿಯ ಬುಟ್ಟದ ಹೂವು, ಅಂಚು, ಅಂದವೆಲ್ಲ ಕೆಳಗೆ, ಒಗೆದ ಬಿಳಿ ಪಂಚೆಯ ಮೇಲೆ. ಸರಿಮಾಡುವುದೆಲ್ಲ ಹಿಂಬದಿಯಿಂದ. ಮುಖದ ಮೇಲೆ ಕೈ ಆಡಿಸಿದರೆ ಮಕ್ಕಳಿಗೂ ಬೈಗುಳ ಬೀಳುತ್ತಿತ್ತು.

ನಾನು ಅಮ್ಮನ ಪಕ್ಕದಲ್ಲಿ ಕುಳಿತು ಪುಸ್ತಕ ಬಿಚ್ಚಿದೆ. ಆ ಪುಟ ಬಂತು. ಅಂಗಾತ ಬಿದ್ದ ಆಮೆಯ ಕೆಳಗೆ, ಕಪ್ಪು ಮಸಿಯಲ್ಲಿ, ಒಂದಕ್ಷರವೂ ಮಾಸದೆ, "ಹೀಗೆ ಮಲಗಿಸಿ" ಎಂದಿತ್ತು.

ಚಪ್ಪಲಿ ಮೆಟ್ಟಿಕೊಂಡೆನೋ ಇಲ್ಲವೋ ನೆನಪಿಲ್ಲ. ಪ್ರೆಸ್ಸಿಗೆ ಹೋದಾಗ ಚಿಕ್ಕಪ್ಪ ಯಾರದೋ ಗೃಹಪ್ರವೇಶದ ಕಾರ್ಡಿಗೆ ಮೊಳೆ ಆಯುತ್ತಿದ್ದರು. ನನ್ನನ್ನು ನೋಡಿ ನಕ್ಕರು. ನಾನು ಪುಟ ತೋರಿಸಿ, "ಚಿಕ್ಕಪ್ಪ, ಬ್ಲಾಕು ಅದಲು ಬದಲಾಗಿದೆ" ಎಂದೆ.

ಅವರು ಒಳಕೋಣೆಯ ಕಡೆ ನೋಡಿ, ಕೆಲಸದವನಿಗೆ ಕೇಳಿಸದಂತೆ ದನಿ ಇಳಿಸಿದರು. "ಅದಲು ಬದಲಾಗಿತ್ತು ಕಣಮ್ಮ. ಮೆಷಿನ್‌ಗೆ ಏರ್ಸೋವಾಗ ನೋಡ್ದೆ, ನಾನೇ ಸರಿ ಮಾಡ್ದೆ. ಓದಿರೋ ಹುಡುಗಿ ತಪ್ಪು ಮಾಡವ್ಳೆ ಅಂತ ನಾಲ್ಕ್ ಜನ ಆಡ್ಕೋಬಾರ್ದು ನೋಡು. ಯಾರ್ಗೂ ಹೇಳಿಲ್ಲ."

"ಸರಿ ಮಾಡಿದ್ರಾ?"

"ಮತ್ತೆ? ರಿಪೇರಿ ಮಾಡೋ ಪದಾರ್ಥ ಮುಖ ಮೇಲೆ ಮಾಡಿ ಇಡ್ತಾರಾ ಯಾರಾದ್ರೂ? ಎಷ್ಟ್ ಚೆಂದದ ಚಿಪ್ಪು, ಒಳ್ಳೆ ಬುಟ್ಟದ ಥರ ಐತೆ. ಅದನ್ನ ಕೆಳಗ್ಮಾಡಿ, ಒದ್ದೆ ಬಟ್ಟೆ ಮೇಲೆ ಹಾಕಿ, ಹಿಂಬದಿಯಿಂದ ಆರೈಕೆ ಮಾಡೋದು. ನೀನೂ ನೇಕಾರರ ಮನೇಲೇ ಹುಟ್ಟಿದೋಳಲ್ವಾ?"

ಅವರ ಮೇಲೆ ರೇಗಬೇಕೆಂದುಕೊಂಡೆ. ಆಗಲಿಲ್ಲ. ಅಂಗಾತ ಹಾಕಿದರೆ ಆಮೆಗೆ ಏನಾಗುತ್ತದೆಂದು ಹೇಗೋ ಹೇಳಿದೆ. ಅವರ ಕೈಯಲ್ಲಿದ್ದ ಮೊಳೆಗಳು ನೆಲಕ್ಕೆ ಬಿದ್ದವು. ಅಂಗಿಯ ಗುಂಡಿಯನ್ನೂ ಹಾಕಿಕೊಳ್ಳದೆ ನನ್ನ ಹಿಂದೆಯೇ ಹೊರಟರು.

ಬಸ್‌ಸ್ಟ್ಯಾಂಡಿನ ಹತ್ತಿರದ ಎಸ್‌ಟಿಡಿ ಬೂತಿನಲ್ಲಿ ಗಾಜಿನ ಗೂಡಿನೊಳಗೆ ಇಬ್ಬರೂ ಒತ್ತಿಕೊಂಡು ನಿಂತೆವು. ಅಜ್ಜಿಯ ಊರಿನಲ್ಲಿ ಫೋನಿದ್ದದ್ದು ಮೀನುಗಾರರ ಸಂಘದ ಕಚೇರಿಯಲ್ಲಿ. ಲೈನು ಸಿಗಲಿಲ್ಲ. ಮತ್ತೆ ಒತ್ತಿದೆ, ಸಿಗಲಿಲ್ಲ. ಕಟ್ಟು ದಾರಿಯಲ್ಲೇ ಎಲ್ಲಾದರೂ ಬಿದ್ದುಹೋಗಿರಲಿ, ಮಳೆಯಲ್ಲಿ ನೆನೆದು ಹಾಳಾಗಿರಲಿ ಎಂದು ನನ್ನದೇ ಪುಸ್ತಕಕ್ಕೆ ಶಾಪ ಹಾಕುತ್ತಿದ್ದೆ. ಕೊನೆಗೆ ಗುಮಾಸ್ತರು ಸಿಕ್ಕರು. "ಪುಸ್ತಕ ಬಂತು, ಹಂಚಿಯೂ ಆಯ್ತು" ಎಂದರು, ಬಹಳ ಖುಷಿಯಿಂದ. "ಈಗೊಂದು ದೊಡ್ಡ ಆಮೆ ಬಲೆಗೆ ಬಂದದೆ. ಅಜ್ಜಿಯ ಚಪ್ಪರದಲ್ಲೇ ಉಂಟು."

ಅಜ್ಜಿಯನ್ನು ಕರೆಸಿ ಎಂದೆ. ಅವರು ಬರುವಷ್ಟು ಹೊತ್ತೂ ಫೋನಿನಲ್ಲಿ ಕರಾವಳಿಯ ಗಾಳಿಯ ಸದ್ದೊಂದೇ ಇತ್ತು. ಚಿಕ್ಕಪ್ಪನ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು. ಅಜ್ಜಿಯ ದನಿ ಬಂದಾಗ, "ಅಜ್ಜಿ, ಆಮೆ ಹೇಗೆ ಮಲಗಿದೆ?" ಎಂದು ಕಿರುಚಿಯೇಬಿಟ್ಟೆ.

"ನೀ ಬರೆದ ಹಾಗೇ ಹಾಕಿದ್ದೇವೆ ತಂಗಿ" ಎಂದರು ಅವರು. "ನಾನು ಮೊದಲು ಬೋರಲೇ ಹಾಕಿಸಿದ್ದೆ, ನೀ ಅವತ್ತು ತೋರಿಸಿದ ಹಾಗೆ. ಒಮ್ಮೆ ಬಾಯಿಯನ್ನೂ ತೆರೆಯಿತು. ಅಷ್ಟರಲ್ಲಿ ಹುಡುಗರು ಪುಸ್ತಕ ತಂದರು. ತಂಗಿ ಹೇಳಿದ್ದು ಹೀಗಲ್ಲ ಅಂತ ನಾನು ಜಗಳವನ್ನೇ ಆಡಿದೆ. ಅಚ್ಚಾಗಿ ಬಂದದ್ದು ಸುಳ್ಳಾ ಅಜ್ಜಿ ಅಂತ ಕೇಳಿದರು. ಮತ್ತೆ ನಾ ಎಂತ ಹೇಳುವುದು? ತಿರುಗಿಸಿ ಹಾಕಿದೆವು."

"ವಾಪಸ್ ತಿರುಗಿಸಿ ಅಜ್ಜಿ, ಈಗಲೇ. ಪುಸ್ತಕ ತಪ್ಪು. ನೀವು ಹೇಳಿದ್ದೇ ಸರಿ. ಆ ಪುಟ ಹರಿದುಹಾಕಲು ಎಲ್ಲರಿಗೂ ಹೇಳಿ."

ಅವರು ಫೋನನ್ನು ಇಡಲೂ ಇಲ್ಲ, ಮೇಜಿನ ಮೇಲೆ ಬಿಟ್ಟು ಓಡಿದರೆಂದು ಕಾಣುತ್ತದೆ. ದೂರದಲ್ಲಿ ಅವರ ಕೂಗು ಕೇಳಿಸಿ, ಆಮೇಲೆ ಲೈನು ಕಡಿದುಹೋಯಿತು.

ಬೂತಿನ ಹೊರಗಿನ ಬೆಂಚಿನ ಮೇಲೆ ಕುಳಿತೆವು. ಬೂತಿನವನು ಚಹಾ ತರಿಸಿಕೊಟ್ಟ, ಇಬ್ಬರೂ ಕುಡಿಯಲಿಲ್ಲ. ಹೊಸಕೋಟೆ ಕಡೆಯಿಂದ, ನೆಲಮಂಗಲ ಕಡೆಯಿಂದ ಬಸ್ಸುಗಳು ಬಂದು ಜನರನ್ನು ಇಳಿಸಿ ಹೋಗುತ್ತಿದ್ದವು. ಪರಿಚಯದವರು "ಏನಪ್ಪಾ, ಯಾವೂರ್ಗೆ ಹೊರಟ್ರಿ?" ಎಂದು ಕೇಳಿದರೆ ಚಿಕ್ಕಪ್ಪ ಸುಮ್ಮನೆ ತಲೆಯಾಡಿಸುತ್ತಿದ್ದರು. ಒಂದು ಸಲ ಬಾಯಿ ತೆರೆದಿತ್ತಂತೆ, ಎಂದರೆ ಉಸಿರು ಎಳೆದುಕೊಂಡಿತ್ತು. ನಾನು ಅದೊಂದನ್ನೇ ಹಿಡಿದುಕೊಂಡು ಕೂತಿದ್ದೆ. ಆ ಪುಸ್ತಕ ಇನ್ನೊಂದು ಊರಿಗೂ ಹೋಗಿದ್ದರೆ, ಅಲ್ಲಿ ಫೋನೂ ಇಲ್ಲ, ಜಗಳ ಆಡುವ ಅಜ್ಜಿಯೂ ಇಲ್ಲ ಎಂದು ಯೋಚನೆ ಬಂತು.

ಹೊತ್ತು ಇಳಿದ ಮೇಲೆ ಮತ್ತೆ ಫೋನು ಮಾಡಿದೆ. ಈ ಸಲ ಅಜ್ಜಿ ಅಲ್ಲಿಯೇ ಕಾದಿದ್ದರು.

"ಹೋಯ್ತು ತಂಗಿ. ನಾವು ವಾಪಸ್ ತಿರುಗಿಸುವ ಮೊದಲೇ ಹೋಗಿತ್ತು ಅಂತ ಕಾಣ್ತದೆ. ಆದರೂ ನೀ ಕಾಯಬೇಕು ಅಂದಿದ್ದೆಯಲ್ಲ, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ನಾಳೆವರೆಗೆ ನೋಡುವ."

ನಾಳೆ ನೋಡಲು ಏನೂ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಫೋನಿಟ್ಟು ಹೊರಗೆ ಬಂದೆ. ಚಿಕ್ಕಪ್ಪ ಎದ್ದು ನಿಂತಿದ್ದರು. ನನ್ನ ಮುಖ ನೋಡಿ ಏನಾಯಿತೆಂದು ಕೇಳಲಿಲ್ಲ. "ಅದು ಎಷ್ಟ್ ದೊಡ್ಡದಿರುತ್ತಮ್ಮ?" ಎಂದರು.

ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಇನ್ನೂ ಅಗಲಿಸಿದೆ.

ಅವರು ನನ್ನ ಕೈಗಳ ನಡುವಿನ ಜಾಗವನ್ನೇ ನೋಡಿದರು. ಆ ಪುಸ್ತಕದ ಒಂದೊಂದು ಮೊಳೆಯನ್ನೂ ಜೋಡಿಸಿದವರು ಅವರು. ಕಡಲನ್ನು ಕಂಡವರಲ್ಲ. "ನಾನು ನಮ್ ಕೆರೇಲಿರೋ ಆಮೆ ಅನ್ಕೊಂಡಿದ್ದೆ" ಎಂದು ತಮ್ಮ ಅಂಗೈಯನ್ನು ನನ್ನ ಮುಂದೆ ಹಿಡಿದರು. ಮಸಿ ಮೆತ್ತಿದ ಅಂಗೈ. "ಇಷ್ಟೇ ಅನ್ಕೊಂಡಿದ್ದೆ. ಇಷ್ಟ್ ದೊಡ್ಡದನ್ನ ತಿರುಗ್ಸೋಕೆ ಒಬ್ರ ಕೈಲಿ ಆಗಲ್ವಲ್ಲ?"

"ಆಗಲ್ಲ ಚಿಕ್ಕಪ್ಪ. ನಾಲ್ಕು ಜನವಾದ್ರೂ ಬೇಕು."

ಅವರು ಬೆಂಚಿನ ಮೇಲೆ ಕುಳಿತರು. "ನಾಲ್ಕ್ ಜನ ಸೇರ್ಕೊಂಡು, ಕಷ್ಟಪಟ್ಟು ಎತ್ತಿ, ನಾನ್ ಹೇಳ್ದಂಗೇ ಮಾಡವ್ರೆ" ಎಂದರು.