ನಾನು ಬಿಟ್ಟ ಸಾಲು

ನಾನು ಚಿಕ್ಕವನಿದ್ದಾಗ ನನ್ನ ಅಕ್ಷರ ದುಂಡಗಿತ್ತು. ಈ ಸಂಗತಿ ನಡೆದದ್ದು ಅದರಿಂದಲೇ.

ನಮ್ಮದು ಹೈದರಾಬಾದಿನ ಹಳೆಯ ಶಾಲೆ. ಹಿಂದೂ ಮಕ್ಕಳು ತಮ್ಮ ಭಾಷೆಯಲ್ಲಿ ಕಲಿಯಲೆಂದು ನಿಜಾಮರ ಕಾಲದಲ್ಲಿ ಕಟ್ಟಿದ್ದು. ಅಪ್ಪ ಅಲ್ಲಿ ಮಾಸ್ತರರು. ಶಾಲೆಯ ಚರಿತ್ರೆಯನ್ನು ಹಿಂದಿನವರು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು; ಪ್ರತಿ ವಾರ್ಷಿಕೋತ್ಸವದಲ್ಲೂ ಅದನ್ನು ಓದುತ್ತಿದ್ದರು. ಗೆದ್ದಲು ಹಿಡಿದಾಗ ಹೊಸದಾಗಿ ನಕಲು ಮಾಡಿ, ಹಳೆಯದಕ್ಕೆ ಕುಂಕುಮ ಹಚ್ಚಿ ಮೂಸಿ ನದಿಗೆ ಬಿಡುವುದು ರೂಢಿ. ಆ ವರ್ಷ ನಕಲಿನ ಕೆಲಸ ನನಗೆ ಬಂತು.

ಶಾಲೆಯ ಅಂಗಳದ ಬಾವಿಯನ್ನು ಒಬ್ಬನೇ, ಕೂಲಿ ಪಡೆಯದೆ ತೋಡಿದವನ ಹೆಸರಿದ್ದ ಸಾಲಿನ ಮೇಲೆ ಅಪ್ಪ ಬೆರಳಿಟ್ಟರು. ಅವನು ಜನ ಮುಟ್ಟಿಸಿಕೊಳ್ಳದ ಜಾತಿಯವನು, ತೀರಿಕೊಂಡಿದ್ದ.

"ಇದನ್ನ ಬಿಡು. ಆ ಜಾತಿಯವರ ಹೆಸರು ಸಭಾದಾಗ ಓದೂದು ಬ್ಯಾಡಂತ ಹೊಸ ಕಮಿಟಿಯವರು ಹೇಳ್ಯಾರ."

ಒಲೆಯ ಮುಂದಿದ್ದ ಅಕ್ಕ, "ಅವ ತೋಡಿದ ನೀರು ಮಾತ್ರ ನಡೀತದೇನಪ್ಪಾ?" ಎಂದಳು.

"ನೀ ರೊಟ್ಟಿ ನೋಡು, ಹೊತ್ತಾಕತ್ತಾವ."

ನಾನು ಆ ಸಾಲು ಬಿಟ್ಟೆ.

ಅವನ ಹೆಂಡತಿ ಶಾಲೆಯ ಅಂಗಳ ಗುಡಿಸುತ್ತಿದ್ದಳು. ಆ ಬಾವಿಯ ಕಟ್ಟೆ ಅವಳು ಹತ್ತುವಂತಿರಲಿಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳಬಾರದ ಕಾಲ. ವರ್ಷಕ್ಕೊಮ್ಮೆ ಕಿಟಕಿಯ ಹೊರಗೆ ನಿಂತು, ಚರಿತ್ರೆ ಓದುವಾಗ ಆ ಹೆಸರು ಕೇಳಿಸಿಕೊಳ್ಳುತ್ತಿದ್ದಳು.

ವಾರ್ಷಿಕೋತ್ಸವದ ದಿನ ಹಳೆಯ ಪುಸ್ತಕವನ್ನು ಬೆಳಿಗ್ಗೆಯೇ ನದಿಗೆ ಬಿಟ್ಟಿದ್ದೆವು. ಚೆಂಡುಹೂವಿನ ವಾಸನೆ ತುಂಬಿದ ಸಭೆಯಲ್ಲಿ ನಾನು ಹೊಸದನ್ನು ಓದಿದೆ. ಚಪ್ಪಾಳೆ ನಿಂತಾಗ ಅವಳು ಬಾಗಿಲಿಗೆ ಬಂದಳು.

"ಹುಡುಗ ಒಂದು ಹೆಸರು ಬಿಟ್ಟಾನ್ರಿ ಮಾಸ್ತರ್ರ. ಇನ್ನೊಮ್ಮೆ ಓದಸ್ರಿ."

ಅಪ್ಪ ನೆಲ ನೋಡಿದರು. ಕಮಿಟಿಯ ಹಿರಿಯರೊಬ್ಬರು, "ಯಾರ ಹೆಸರು? ಹೇಳು ನೋಡೋಣ" ಎಂದರು.

ಅವಳು ಸೆರಗು ಬಾಯಿಗೆ ಹಿಡಿದಳು. ಒಂದಿಬ್ಬರು ನಕ್ಕರು.

"ನಾವೂ ಹಿಂದೂಗಳೇ ಅಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿ, ನನ್ನ ಕಡೆ ತಿರುಗಿದಳು. "ನೀ ಓದಿದವ. ನೀ ಹೇಳಪ್ಪಾ."

ಹೆಸರು ನನಗೆ ಗೊತ್ತಿತ್ತು. ನಾನು ಪುಸ್ತಕ ಮುಚ್ಚಿದೆ.

ಮಕ್ಕಳೇ, ನೀವು ಉಪ್ಪಲ್‌ನಿಂದ ಮೆಟ್ರೋದಲ್ಲಿ ಶಾಲೆಗೆ ಹೋಗುತ್ತೀರಿ. ಒಬ್ಬರ ಬಾಟಲಿಯ ನೀರು ಇನ್ನೊಬ್ಬರು ಕುಡಿಯುತ್ತೀರಿ. ನನ್ನ ಶಾಲೆಯ ಚರಿತ್ರೆ ಈಗ ನಿಮ್ಮ ಮೊಬೈಲಿನಲ್ಲೂ ಸಿಗುತ್ತದೆ. ನನ್ನ ನಕಲಿನಿಂದ ಇಳಿದು ಬಂದದ್ದು. ಅದರಲ್ಲಿ ಬಾವಿ ಇದೆ, ತೋಡಿದವನಿಲ್ಲ. ನಿನ್ನೆ ಅದನ್ನು ಓದಿ, ತೋಡಿದವನ ಹೆಸರೇನೆಂದು ನೀವು ಕೇಳಿದಿರಿ. ಆಗಿನಿಂದ ನೆನಪಿಸಿಕೊಳ್ಳುತ್ತಿದ್ದೇನೆ. ಬರುತ್ತಿಲ್ಲ.