ಪೀಣ್ಯದ ಟಾರು ರಸ್ತೆಯಲ್ಲಿ ಸ್ಕೀ ಕಲಿತವಳು

ಭಾನುವಾರ ಪೀಣ್ಯದ ಕಾರ್ಖಾನೆಗಳಿಗೆ ರಜೆ. ಲಾರಿಗಳ ಕಾಟವಿಲ್ಲದ ಆ ರಸ್ತೆಗಳಲ್ಲೇ ದಾನೇಶ್ವರಿ ಸ್ಕೀ ಕಲಿತಳು. ಕಾಲಿಗೆ ಚಕ್ರವಿರುವ ಉದ್ದನೆಯ ಪಟ್ಟಿ, ಎರಡೂ ಕೈಯಲ್ಲಿ ಕೋಲು. ಹಿಮವಿಲ್ಲದ ಕಾಲದಲ್ಲಿ ಸ್ಕೀ ಆಟಗಾರರು ಅಭ್ಯಾಸ ಮಾಡುವುದು ಹೀಗೆಯೇ. ಅವಳಿಗೆ ವರ್ಷದ ಬಹುಪಾಲು ಅದೇ ಕಾಲ.

"ಏನಕ್ಕ, ರೋಡಿಗೆ ತೂತು ಹೊಡೀತಿದೀರಾ?" ಎಂದು ಟೀ ಅಂಗಡಿಯಲ್ಲಿ ನಿಂತವರು ಕೇಳಿ ನಗುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಿದ್ದಳು.

ಅಪ್ಪ ಅಮರಪ್ಪ ಕುಷ್ಟಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಅವ್ವ ಚನ್ನಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ರಾಜಗೋಪಾಲನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಶಾಲೆಯ ಸ್ಕೇಟಿಂಗ್ ಪಂದ್ಯವೊಂದರಲ್ಲಿ ದಾನೇಶ್ವರಿಯನ್ನು ಕಂಡವರು ಶ್ರೀಧರ್. ಸೈನ್ಯದಲ್ಲಿದ್ದಾಗ ಕಾಶ್ಮೀರದಲ್ಲಿ ಸ್ಕೀ ಕಲಿತು, ನಿವೃತ್ತರಾಗಿ ದಾಸರಹಳ್ಳಿಯಲ್ಲಿ ನೆಲೆಸಿದ್ದರು.

"ನಿಂಗೆ ದಮ್ಮು ಚೆನ್ನಾಗಿದೆ ಕಣಮ್ಮ. ಹಿಮದ ಮೇಲೆ ಓಡೋಕೆ ಅದೇ ಬೇಕಾಗಿರೋದು."

"ಹಿಮ ಎಲ್ಲೈತಿ ಸರ್ ಇಲ್ಲಿ?"

"ಅದನ್ನ ಆಮೇಲೆ ನೋಡ್ಕೊಳ್ಳೋಣ."

ಗುಲ್ಮಾರ್ಗಿಗೆ ಹೋದ ಮೊದಲ ಸಲ ಅವಳು ಬಿದ್ದದ್ದೇ ಹೆಚ್ಚು. ಟಾರು ರಸ್ತೆ ಗಟ್ಟಿಯಾಗಿತ್ತು, ನಂಬಬಹುದಿತ್ತು. ಹಿಮ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ. ಅಲ್ಲಿನ ಹುಡುಗಿಯರು ನಡೆಯಲು ಕಲಿತ ಕೂಡಲೇ ಹಿಮದಲ್ಲಿ ಆಡಿದವರು. ಆದರೂ ವರ್ಷವರ್ಷವೂ ಹೋದಳು. ಕೊನೆಗೊಮ್ಮೆ ರಾಷ್ಟ್ರೀಯ ಪಂದ್ಯದಲ್ಲಿ ಬೆಳ್ಳಿ ಪದಕ ಬಂತು. ಅದರ ಮೇಲೆ ಯುರೋಪಿನ ದೊಡ್ಡ ಪಂದ್ಯಕ್ಕೂ ಆಯ್ಕೆಯಾದಳು.

ಜೊತೆಗೆ ಹೊರಡಬೇಕಿದ್ದ ಶ್ರೀಧರ್, ಎದೆನೋವು ಬಂದು ಆಸ್ಪತ್ರೆ ಸೇರಿದರು. ಅವಳೊಬ್ಬಳೇ ಹೋದಳು.

ಅಲ್ಲಿ ಬೇರೆ ದೇಶದವರ ಸ್ಕೀಗಳು ಹಿಮದ ಮೇಲೆ ಸಲೀಸಾಗಿ ಜಾರಲೆಂದು ಅಡಿಗೆ ಮೇಣ ಹಚ್ಚಲು ಜನವೇ ಇದ್ದರು. ದಾನೇಶ್ವರಿ ಹೋಟೆಲಿನ ಕಾರಿಡಾರಿನಲ್ಲಿ ಕೂತು ತಾನೇ ಹಚ್ಚಿಕೊಂಡಳು. ಆಸ್ಪತ್ರೆಯ ಹಾಸಿಗೆಯಿಂದ ಶ್ರೀಧರ್ ಫೋನಿನಲ್ಲಿ ಹೇಳುತ್ತಿದ್ದರು: "ತೆಳ್ಳಗೆ ಹಚ್ಚು. ಇನ್ನೂ ತೆಳ್ಳಗೆ. ಹಾಂ, ಸಾಕು ಕಣಮ್ಮ, ಮಲ್ಕೋ ಹೋಗು."

ಮರುದಿನ ಪಂದ್ಯದ ಅರ್ಧದಲ್ಲಿ, ಏರು ಹತ್ತುವಾಗ ಅವಳ ಒಂದು ಕೋಲು ಮುರಿಯಿತು. ದಾರಿ ಬದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು ಏನೋ ಕೂಗುತ್ತ ಪಕ್ಕದಲ್ಲೇ ಓಡಿ ಬಂದು, ತನ್ನ ಕೈಯಲ್ಲಿದ್ದ ಕೋಲನ್ನು ಕೊಟ್ಟಳು. ಅದು ದಾನೇಶ್ವರಿಗೆ ಉದ್ದವಾಗಿತ್ತು. ಅದನ್ನೇ ಊರಿಕೊಂಡು ಕುಂಟುತ್ತ ಹೋಗುವವಳಂತೆ ಗುರಿ ಮುಟ್ಟಿದಳು. ಎಲ್ಲರಿಗಿಂತ ಕೊನೆಯವಳು. ಅಷ್ಟರಲ್ಲಿ ಬ್ಯಾನರ್ ಬಿಚ್ಚುತ್ತಿದ್ದರು. ಕೋಲು ಕೊಟ್ಟವಳನ್ನು ಎಲ್ಲೆಡೆ ಹುಡುಕಿದಳು, ಸಿಗಲಿಲ್ಲ. ಕೆಲಸದವನೊಬ್ಬ ಅದನ್ನು ಇಸಿದುಕೊಂಡು ಗೋಡೆಗೆ ಒರಗಿಸಿ ಹೋದ.

ಮನೆಗೆ ಫೋನ್ ಮಾಡಿದಳು.

"ಉಂಡೀ ಇಲ್ಲೋ?" ಎಂದಳು ಚನ್ನಕ್ಕ.

"ಉಂಡೆ ಯವ್ವಾ."

"ಗೆದ್ದಿಯೇನು?"

"ಇಲ್ಲ. ಮುಗಿಸಿದೆ."

"ಮುಗೀತಲ್ಲ, ಹಂಗಾರ ಬಾ ಮತ್ತ."

ಕೋಲು ಮುರಿದದ್ದನ್ನು ಹೇಳಬೇಕೆಂದುಕೊಂಡಳು. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಅದು ಬಿಡಿಸಿ ಹೇಳದೆಯೇ ಅರ್ಥವಾಗುತ್ತಿದ್ದುದು ಶ್ರೀಧರ್ ಒಬ್ಬರಿಗೆ. ಅವರು ಆ ಬೇಸಿಗೆಯಲ್ಲಿ ತೀರಿಕೊಂಡರು.

ಆಮೇಲೆಯೂ ಅವಳು ಬಿಡಲಿಲ್ಲ. ಪೀಣ್ಯದ ವಾಲ್ವ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಳು. ಪ್ರತಿ ಚಳಿಗಾಲ ರಜೆ ಹಾಕಿ ಹೊರಡುವಾಗ ಪಕ್ಕದ ಮೇಜಿನ ವನಜಾ ಕೇಳುತ್ತಿದ್ದಳು: "ಮತ್ತೆ ಕಾಶ್ಮೀರ ಟೂರಾ? ಪುಣ್ಯ ಮಾಡಿದೀಯಾ ಬಿಡೇ."

"ಹೂಂ" ಎನ್ನುತ್ತಿದ್ದಳು. ಮೊದಲ ವರ್ಷ ವಿವರಿಸಿದ್ದಳು, ನಂತರ ಇಲ್ಲ.

ಕಳೆದ ಫೆಬ್ರವರಿಯಲ್ಲಿ ಗುಲ್ಮಾರ್ಗಿನ ಪಂದ್ಯದಲ್ಲಿ ಮಂಡಿ ನೋವಿನಲ್ಲೇ ಓಡಿ ನಾಲ್ಕನೆಯವಳಾದಳು. ಇಲ್ಲಿಗೆ ಸಾಕು ಎಂದು ಅಲ್ಲೇ ತೀರ್ಮಾನಿಸಿದಳು. ಯಾರಿಗೂ ಹೇಳಲಿಲ್ಲ, ಕೇಳುವವರೂ ಇರಲಿಲ್ಲ. ಪದಕ ಕೊಡುವ ಹೊತ್ತಿಗೆ ಅತ್ತ ಹೋಗದೆ, ಬೆನ್ನಿಗೆ ನಂಬರಿನ ಬಟ್ಟೆಯಿಲ್ಲದೆ ಇನ್ನೊಂದು ಸುತ್ತು ಹೊರಟಳು. ಪೈನ್ ಮರಗಳ ನಡುವೆ ತನ್ನ ಉಸಿರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅವಸರ ಮಾಡಲಿಲ್ಲ. ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ ಅನ್ನಿಸಿತು.

ಇಳಿದು ಬಂದವಳು ಸ್ಕೀಗಳನ್ನು ಒರೆಸಿ ಅಲ್ಲಿನ ಕ್ಲಬ್ಬಿಗೆ ಕೊಟ್ಟುಬಿಟ್ಟಳು. ಶ್ರೀನಗರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲೆ ಯಾವ ಹೊರೆಯೂ ಇರಲಿಲ್ಲ. ಬಸ್ಸು ತಿರುವುಗಳನ್ನು ಇಳಿಯುವವರೆಗೂ, ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಕೂತಿದ್ದಳು.